ನಕ್ಷೆಯಲ್ಲಿಲ್ಲದ ಮನೆ

ಫ್ಲೆಕ್ಸ್ ಮುದ್ರಿಸುವ ಯಂತ್ರದ ತಲೆ ಎಡಕ್ಕೂ ಬಲಕ್ಕೂ ಓಡಾಡುತ್ತ ರಾಮದುರ್ಗವನ್ನು ಗೇಣು ಗೇಣಾಗಿ ಹೊರಹಾಕುತ್ತಿತ್ತು. ಮೊದಲು ಮಲಪ್ರಭೆ ಬಂದಳು, ಆಮೇಲೆ ಸಂತೆ ಬಯಲು, ಆಮೇಲೆ ನೇಕಾರರ ಓಣಿಯ ಚಪ್ಪಟೆ ಮಾಳಿಗೆಯ ಮನೆಗಳು. ಫ್ಲೆಕ್ಸಿನ ತುದಿ ನೆಲಕ್ಕೆ ತಾಗದಂತೆ ಶೀತಲ್ ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಅಂಗಡಿಯ ಶಟರ್ ಅರ್ಧಕ್ಕೆ ಇಳಿದಿತ್ತು. ನಿನ್ನೆ ಸಂಜೆ ತೀರಿಕೊಂಡ ಅವಳ ಆಯಿಯನ್ನು, ಅಪ್ಪನ ತಾಯಿ ಶಟ್ಟೆವ್ವನನ್ನು, ಮನೆಯಲ್ಲಿ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಮಧ್ಯಾಹ್ನ ಮೂರಕ್ಕೆ ಮಣ್ಣು ಮಾಡುವುದು ಎಂದು ನಿಶ್ಚಯವಾಗಿತ್ತು.

ಅಪ್ಪ ಶ್ರೀಶೈಲ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ. ಅತ್ತು ಅತ್ತು ಕಣ್ಣು ಊದಿದ್ದವು. ಊರಿನವರ ಶ್ರದ್ಧಾಂಜಲಿ ಬ್ಯಾನರನ್ನೆಲ್ಲ ಮಗಳೇ ಮಾಡಿಕೊಡುತ್ತಾಳೆ, ತನ್ನ ಅವ್ವನದನ್ನು ಎಷ್ಟು ಚಂದ ಮಾಡಿದ್ದಾಳೋ ಎಂದು ನೋಡಲು ಬಂದವನಿಗೆ ಫೋಟೋ ಕಾಣಲಿಲ್ಲ, ಊರು ಕಂಡಿತು.

"ಫೋಟೋ ಎಲ್ಲೈತಿ?"

"ಆಯಿನ್ನ ಕುಂಡ್ರಿಸಿಕೊಂಡ ಹೋಗತೇವಿ. ಮುಖಾ ಎಲ್ಲಾರಿಗೂ ಕಾಣತೈತಿ. ಮತ್ತ ಫೋಟೋ ಯಾಕಪ್ಪಾ?"

ಶ್ರೀಶೈಲ ಬಗ್ಗಿ ನೋಡಿದ. ಊರಿನ ತುದಿಯಲ್ಲಿ, ಬೇವಿನ ಮರದ ಪಕ್ಕದಿಂದ ರುದ್ರಭೂಮಿಗೆ ಒಂದು ದಾರಿ ನೆಟ್ಟಗೆ ಹೋಗಿತ್ತು. ಅದರ ಮೇಲೆ ಬೆರಳಿಟ್ಟು, ಮಣ್ಣಿನ ದಿನ ಜಗಳ ಬೇಡ, ಎಲ್ಲರಂತೆ ಹಳ್ಳದ ಸೇತುವೆ, ಆ ಪೂಲಿನ ಮೇಲಿಂದ ಸುತ್ತಿ ಹೋಗೋಣ ಎಂದ. ಶೀತಲ್ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮೌನವನ್ನು ಒಪ್ಪಿಗೆ ಎಂದು ತಿಳಿಯುವುದು ಶ್ರೀಶೈಲನ ಜನ್ಮದ ಗುಣ. ಅವನು ಬಾಳೆಕಂಬ ತರಲು ಹೋದ.

ಅವನು ಹೋದ ಮೇಲೆ ಅವಳು ಕಂಪ್ಯೂಟರಿನ ಮುಂದೆ ಕೂತಳು. ಅದರೊಳಗೆ ಆಯಿಯ ಧ್ವನಿ ಹನ್ನೊಂದು ತಾಸಿನಷ್ಟಿತ್ತು. ಅಷ್ಟು ಧ್ವನಿ ಕೊಟ್ಟರೆ ಎಐ ನಾವು ಬರೆದದ್ದನ್ನು ಆ ಧ್ವನಿಯಲ್ಲೇ ಓದುತ್ತದೆ. ಶೀತಲ್ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಗುಂಡಿ ಒತ್ತಿದಾಗ ಆಯಿ ಮಾತಾಡಿದಳು. ಕೊನೆಗೆ ಆಯಿಯದೇ ಸಣ್ಣ ಕೆಮ್ಮೂ ಬಂತು, ಅದನ್ನು ಇವಳು ಬರೆದಿರಲಿಲ್ಲ.

ಸತ್ತವರ ಬಾಯಿಗೆ ಮಾತು ತುರುಕುವುದು ತಪ್ಪು ಎಂದು ತಿಳಿಯದವಳಲ್ಲ. ಆದರೆ ಆದ ಅನ್ಯಾಯದ ಬಗ್ಗೆ ಮೂವತ್ತೊಂದು ವರ್ಷ ಸುಮ್ಮನಿದ್ದ ಬಾಯಿ ಅದು. ಇವತ್ತೊಂದು ದಿನ ಮಾತಾಡಲಿ, ಪಾಪ ಬಂದರೆ ನನಗೆ ಬರಲಿ ಎಂದುಕೊಂಡು, ಆ ಧ್ವನಿಯನ್ನು ಮೊಬೈಲಿನ ನಕ್ಷೆಯಲ್ಲಿ ಬೇವಿನ ಮರದ ಪಕ್ಕದ ದಾರಿಯ ಮೇಲೆ ಇಟ್ಟಳು.

*

ನಕ್ಷೆ ಶುರುವಾಗಿದ್ದು ಎರಡು ವರ್ಷದ ಹಿಂದೆ. ಬಸ್ ಸ್ಟ್ಯಾಂಡಿನ ಗೋಡೆಗೆ ನಲವತ್ತು ಫೂಟಿನ ಚಿತ್ರದ ನಕ್ಷೆ, ಮೊಬೈಲಿನಲ್ಲಿ ಅದೇ ನಕ್ಷೆ, ಯಾವ ಮನೆಯ ಮೇಲೆ ಬೆರಳಿಟ್ಟರೂ ಆ ಮನೆ ಮಾತಾಡಬೇಕು. ಶೀತಲ್‌ಳ ಇಷ್ಟು ದೊಡ್ಡ ಆಸೆಗೆ ಬೇಕಾದ ಮಾಹಿತಿ ಯಾವ ಕಚೇರಿಯಲ್ಲೂ ಇರಲಿಲ್ಲ, ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿತ್ತು. ಶಟ್ಟೆವ್ವ ಐವತ್ತು ವರ್ಷ ತಲೆಯ ಮೇಲೆ ಮೊಸರಿನ ಗಡಿಗೆ ಹೊತ್ತು ರಾಮದುರ್ಗದ ಬಾಗಿಲು ಬಾಗಿಲಿಗೆ ತಿರುಗಿದವಳು.

ಎಐ ಬರೆದ ಮೊದಲ ಚಿತ್ರ ನೋಡಿ ಆಯಿ ನಕ್ಕುಬಿಟ್ಟಿದ್ದಳು. ಇಳಿಜಾರು ಹಂಚು, ಅಂಗಳಕ್ಕೊಂದು ತೆಂಗಿನ ಮರ, ಮೂಲೆ ಮೂಲೆಗೆ ನವಿಲು.

"ಇದ್ಯಾವ ಊರವಾ? ಮಾಳಗಿ ಮಾಡಂತ ಹೇಳ ಅದಕ್ಕ. ನವಲ ಬೇಕಂದ್ರ ನವಿಲುತೀರ್ಥಕ್ಕ ಹೋಗಂತ ಹೇಳ."

ಹೇಳಿ ಹೇಳಿ ತಿದ್ದಿಸಿದರು. ಒಂದೊಂದು ಮನೆಗೂ ಆಯಿ ಒಂದೊಂದು ಮಾತು ಹೇಳಿದಳು. ಈ ಮನೆಯ ಸೊಸೆ ನಾಲ್ಕು ಸಲ ಕೂಗಿದರೂ ಬಾಗಿಲು ತೆಗೆಯುವುದಿಲ್ಲ, ಐದನೆಯದಕ್ಕೆ ಅತ್ತೆ ಬರುತ್ತಾಳೆ. ಈ ಮನೆಯ ನಾಯಿಗೆ ಮೊದಲು ಒಂದು ಸವುಟು ಮೊಸರು ಹಾಕಿಯೇ ಮುಂದಿನ ಮಾತು. ಊರಿಗೆ ಹುಚ್ಚು ಹಿಡಿಯಿತು. ಜನ ತಮ್ಮ ತಮ್ಮ ಮನೆಯ ಮೇಲೆ ಬೆರಳಿಟ್ಟು ಕೇಳುವುದೇನು, ಬಂಧುಗಳಿಗೆ ಕೇಳಿಸುವುದೇನು.

ಒಂದು ಜಾಗದಲ್ಲಿ ಮಾತ್ರ ಎಐ ಪಟ್ಟು ಬಿಡಲಿಲ್ಲ. ಇಲ್ಲಿ ಮೂರಂತಸ್ತಿನ ಕಟ್ಟಡ ಕಾಣುತ್ತಿದೆ, ಸೇರಿಸಲೇ ಎಂದು ಮೇಲಿಂದ ತೆಗೆದ ಫೋಟೋ ನೋಡಿ ಮತ್ತೆ ಮತ್ತೆ ಕೇಳಿತು. ಶೀತಲ್ ಓದಿ ಹೇಳಿದರೆ ಆಯಿ ಮೊರದಿಂದ ತಲೆ ಎತ್ತಲಿಲ್ಲ.

"ಯಾವ ಮನಿ? ಅಲ್ಲಿ ದಾರಿ ಐತಿ."

ಆ ಮೂರಂತಸ್ತು ಉಳವಪ್ಪ ಸಾವಕಾರನದು. ಮೂವತ್ತೊಂದು ವರ್ಷದ ಹಿಂದೆ ಅವನು ರುದ್ರಭೂಮಿಯ ದಾರಿಯನ್ನು ಒಳಗೆ ಹಾಕಿಕೊಂಡು ಕಾಂಪೌಂಡು ಕಟ್ಟಿದ. ಮುಂದೊಂದು ಗೇಟು, ಹಿಂದೊಂದು ಗೇಟು, ನಡುವೆ ಊರಿನ ದಾರಿ ಅವನ ಅಂಗಳವಾಯಿತು. ಕಟ್ಟಿ ತಿಂಗಳಾಗಿರಲಿಲ್ಲ, ಆಯಿಯ ಗಂಡ ನಿಜಗುಣಪ್ಪ ಸತ್ತ. ಶ್ರಾವಣದ ಮಳೆ. ಹೆಣ ಕೂರಿಸಿದ ವಿಮಾನವನ್ನು ಹೊತ್ತವರು ಗೇಟಿನ ಮುಂದೆ ಒಂದು ತಾಸು ನಿಂತರು. ಉಳವಪ್ಪ ಮಾಳಿಗೆಯ ಮೇಲಿಂದಲೇ, ಮನೆಯಲ್ಲಿ ಮಗಳ ಮದುವೆಯಿದೆ, ಹೆಣ ಅಂಗಳದಲ್ಲಿ ಹಾಯಬಾರದು ಎಂದ. ಆಗ ಪೂಲು ಇರಲಿಲ್ಲ. ಹಳ್ಳಕ್ಕಿಳಿದರು. ನಡುಮಟ್ಟ ನೀರಿನಲ್ಲಿ ಒಬ್ಬನ ಕಾಲು ಜಾರಿ ವಿಮಾನ ವಾಲಿತು, ಕೂರಿಸಿದ್ದ ನಿಜಗುಣಪ್ಪ ಮುಖ ಕೆಳಗಾಗಿ ರಾಡಿಗೆ ಬಿದ್ದ. ಶಟ್ಟೆವ್ವ ಸೆರಗಿನಿಂದ ಗಂಡನ ಮೂಗಿನ ರಾಡಿ ತೆಗೆದಳು, ಕಣ್ಣಿನ ರಾಡಿ ತೆಗೆದಳು, ಮತ್ತೆ ವಿಭೂತಿ ಹಚ್ಚಿದಳು. ಜಾರಿದ ಕಾಲು ಹದಿನೇಳು ವರ್ಷದ ಶ್ರೀಶೈಲನದು. ಇದನ್ನೆಲ್ಲ ಶೀತಲ್‌ಗೆ ಹೇಳಿದವನೂ ಅವನೇ, ಜೀವಮಾನದಲ್ಲಿ ಒಂದೇ ಸಲ. ಆಯಿ ಒಂದು ಸಲವೂ ಹೇಳಲಿಲ್ಲ.

ಎರಡು ತಿಂಗಳ ಹಿಂದೆ ಉಳವಪ್ಪ ತಾನೇ ಮನೆಗೆ ಬಂದಿದ್ದ. ಎಂಬತ್ತರ ಮುದುಕ. ಮೊಮ್ಮಕ್ಕಳು ನಕ್ಷೆ ಹಿಡಿದು ನಮ್ಮ ಮನೆ ಯಾಕಿಲ್ಲ ಎಂದು ಪ್ರಾಣ ತಿನ್ನುತ್ತಿದ್ದರಂತೆ. ಹೊಸ್ತಿಲಾಚೆ ನಿಂತು, ಶಟ್ಟೆವ್ವಾ, ಊರೆಲ್ಲ ಇದೆ, ನಮ್ಮದೊಂದೇ ಇಲ್ಲ ಎಂದ. ಆಯಿ, ಅವನು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಅವನ ಮೈಯೊಳಗಿಂದ ಕಣ್ಣು ಹಾಯಿಸಿ ಬೀದಿ ನೋಡಿದಳು.

"ಶೀತಲ, ಬಾಗಲದಾಗ ಏನೋ ನೆಳ್ಳ ಬಿದ್ದೈತಿ ನೋಡವಾ. ಜ್ವಾಳ ಕಾಣವಲ್ದು."

ಅವನು ಬಹಳ ಹೊತ್ತು ನಿಂತು ಹೋದ. ಹೊಡೆದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

*

ಟ್ರ್ಯಾಕ್ಟರ್ ಶಹಬಾಜನದು. ಟ್ರೇಲರಿನ ಮೇಲೆ ಬಾಳೆಕಂಬ, ಚೆಂಡುಹೂವಿನ ವಿಮಾನ, ಅದರೊಳಗೆ ಹಸಿರು ಇಳಕಲ್ ಸೀರೆ ಉಟ್ಟು ಕೂತ ಶಟ್ಟೆವ್ವ, ಬೆನ್ನ ಹಿಂದೆ ಫ್ಲೆಕ್ಸಿನ ಮೇಲೆ ಇಡೀ ರಾಮದುರ್ಗ. ಮುಂದೆ ಭಜನೆಯವರು. ಮೈಕಿನ ವಯರನ್ನು ಶೀತಲ್ ತನ್ನ ಮೊಬೈಲಿಗೂ ಹಚ್ಚಿಕೊಂಡು ಟ್ರೇಲರಿನ ಅಂಚಿನಲ್ಲಿ ಕೂತಿದ್ದಳು.

ಪೂಲಿನ ಕಡೆಗೆ ಹೊರಳುವ ಜಾಗ ಬಂತು. ಶಹಬಾಜ ಹೊರಳಲಿಲ್ಲ. ಅವನಿಗೆ ಶೀತಲ್ ಬೆಳಿಗ್ಗೆಯೇ ಹೇಳಿಟ್ಟಿದ್ದಳು. ರಂಜಾನಿನ ತಿಂಗಳಿಡೀ ನಸುಕಿನಲ್ಲೇ ಎದ್ದು ಅವರ ಓಣಿಗೆ ಮೊಸರು ಮುಟ್ಟಿಸುತ್ತಿದ್ದ ಶಟ್ಟೆವ್ವನ ಮೊಮ್ಮಗಳ ಮಾತು ಅವನು ಮೀರುವವನಲ್ಲ. ಶ್ರೀಶೈಲ ಓಡಿ ಬಂದು ಸ್ಟೇರಿಂಗಿನ ಹತ್ತಿರ ಕೈ ಎತ್ತುವಷ್ಟರಲ್ಲಿ ಟ್ರ್ಯಾಕ್ಟರ್ ಉಳವಪ್ಪನ ಗೇಟಿನ ಮುಂದೆ ನಿಂತಿತ್ತು. ಭಜನೆ ತಾನಾಗಿ ನಿಂತಿತು.

ಗೇಟು ಆಳೆತ್ತರ. ಆದರೆ ಟ್ರೇಲರು, ಅದರ ಮೇಲೆ ವಿಮಾನ, ಹೀಗಾಗಿ ಶಟ್ಟೆವ್ವನ ಮುಖ ಗೇಟಿನ ಮೇಲಿಂದ ಸೀದಾ ಒಳಗೆ ನೋಡುತ್ತಿತ್ತು. ಒಳಗೆ ಕುರ್ಚಿಯಲ್ಲಿ ಕೂತಿದ್ದ ಉಳವಪ್ಪ ಎದ್ದುನಿಂತ.

"ಪೂಲ ಕಟ್ಟಿ ಹತ್ತ ವರ್ಷ ಆತು. ಆ ಕಡಿಂದ ಹೋಗ್ರಿ."

"ನಕ್ಷಾದಾಗ ದಾರಿ ಇಲ್ಲೇ ಐತ್ರಿ," ಎಂದಳು ಶೀತಲ್.

"ಹೆಣಾ ಮನಿಯೊಳಗಿಂದ ಹಾಯತೈತೇನು? ಅಯ್ಯನವ್ರ, ನೀವರ ಹೇಳ್ರಿ."

ಶಾಸ್ತ್ರ ಮಾಡಿಸಲು ಬಂದಿದ್ದ ಗಂಗಯ್ಯನವರಿಗೆ ಅತ್ತ ದರಿ ಇತ್ತ ಪುಲಿ. ಹೊತ್ತಾಗುತ್ತಿದೆ ಎಂದಷ್ಟೇ ಹೇಳಿ ಜೋಳಿಗೆ ಸರಿಮಾಡಿಕೊಂಡರು. ಜನರಲ್ಲಿ ಗುಜುಗುಜು ಎದ್ದಿತು. ಶ್ರೀಶೈಲ, ತಿರುಗಿಸು, ನಿನ್ನ ಕಾಲು ಬೀಳುತ್ತೇನೆ ಎಂದು ಶಹಬಾಜನಿಗೆ ಹೇಳುತ್ತಿದ್ದ. ಶೀತಲ್ ಮೊಬೈಲಿನ ನಕ್ಷೆಯಲ್ಲಿ ಬೇವಿನ ಮರದ ಪಕ್ಕ ಬೆರಳಿಟ್ಟಳು.

"ಉಳವಪ್ಪಾ, ಕೀಲಿ ತೆಗಿ. ನಾ ಶಟ್ಟೆವ್ವ ಬಂದೇನಿ. ನಮ್ಮವರು ರಾಡ್ಯಾಗ ಬಿದ್ದರು. ನಾ ಬೀಳಾಕಿ ಅಲ್ಲ."

ಆಮೇಲೆ ಆ ಸಣ್ಣ ಕೆಮ್ಮು.

ನಾಲ್ಕು ಮೈಕುಗಳಿಂದ ಬಂದ ಮಾತು ಗೋಡೆಗೆ ಬಡಿದು ಮತ್ತೊಮ್ಮೆ ಕೇಳಿಸಿತು. ಹೆಂಗಸರು ಬಾಯಿಗೆ ಸೆರಗು ಹಿಡಿದರು. ಶೀತಲ್ ಉಳವಪ್ಪನ ಮೇಲೆ ಕಣ್ಣು ನೆಟ್ಟಳು. ಊರೆಲ್ಲದರ ಎದುರು ಇವನ ಮುಖ ಕಪ್ಪಿಡುತ್ತದೆ, ನಾಚಿ ನೆಲಕ್ಕಿಳಿಯುತ್ತಾನೆ, ಅದನ್ನು ಕಣ್ಣು ತುಂಬ ನೋಡಬೇಕು ಎಂದು ಕಾದಳು.

ಉಳವಪ್ಪನ ಮುಖ ಅರಳಿತು. ಸುಳ್ಳಲ್ಲ, ಹಸಿದವನ ಎದುರು ತಾಟು ಇಟ್ಟಾಗ ಅರಳುವ ಹಾಗೆ. ಜೇಬು ತಡಕಿ ಕೀಲಿ ಹುಡುಕಿದ.

"ಕರದ್ಲು ನೋಡ್ರಿ. ನನ್ನ ಹೆಸರ ಹಿಡದ ಕರದ್ಲು. ಬಾರವಾ ಶಟ್ಟೆವ್ವಾ, ಬಾ."

ಗೇಟು ಎರಡೂ ಕಡೆಗೆ ತೆರೆಯಿತು. ಮುದುಕ ರುಮಾಲು ತೆಗೆದು ಕಂಕುಳಲ್ಲಿಟ್ಟುಕೊಂಡು, ಬರಿತಲೆಯಲ್ಲಿ, ಅಳುತ್ತ, ಟ್ರ್ಯಾಕ್ಟರಿನ ಮುಂದೆ ನಡೆದು ಹಿಂದಿನ ಗೇಟನ್ನೂ ತಾನೇ ತೆಗೆದ. ಎಂಥ ದೊಡ್ಡ ಮನಸ್ಸು, ಎಷ್ಟೆಂದರೂ ಹಳೆಯ ತಲೆ ಎಂದು ಜನ ಮಾತಾಡಿಕೊಂಡರು. ಮೂವತ್ತೊಂದು ವರ್ಷ ದಾರಿ ನುಂಗಿ ಕೂತವನು ಒಂದು ಕೀಲಿ ತಿರುವಿ ಪುಣ್ಯವಂತನಾಗಿಬಿಟ್ಟ. ಶೀತಲ್ ಹಲ್ಲು ಕಚ್ಚಿ ಕೂತಳು. ದಾರಿ ಸಿಕ್ಕಿತ್ತು, ಆದರೆ ಎಲ್ಲೋ ಲೆಕ್ಕ ತಪ್ಪಿತ್ತು.

*

ಆಯಿಯನ್ನು ಕುಣಿಯಲ್ಲಿ ಕೂರಿಸಿದರು. ಗಂಗಯ್ಯನವರು ಮಂತ್ರ ಹೇಳಿ ಬಿಲ್ವಪತ್ರೆ ಹಾಕಿದರು. ಒಬ್ಬೊಬ್ಬರೇ ಮೂರು ಮೂರು ಹಿಡಿ ಮಣ್ಣು ಹಾಕಿ ಸರಿದರು. ಎಲ್ಲರಿಗಿಂತ ಕೊನೆಗೆ ಶ್ರೀಶೈಲ ಮಗಳ ಪಕ್ಕ ಬಂದು ನಿಂತ. ಬೈಯುತ್ತಾನೆ ಎಂದುಕೊಂಡಿದ್ದಳು. ಅವನು ಬೈಯಲಿಲ್ಲ.

"ಧ್ವನಿ ಅವ್ವಂದ ಹೌದು. ಮಾತ ಅವ್ವಂದಲ್ಲ."

ಶೀತಲ್ ಕುಣಿಯ ಅಂಚಿನ ಹೆಂಟೆಯೊಂದನ್ನು ಬೆರಳಿನಲ್ಲಿ ಪುಡಿ ಮಾಡಿದಳು.

"ಅಪ್ಪ ಸತ್ತ ದಿನದಿಂದ ಅವ್ವ ಅವನ ಹೆಸರ ಬಾಯಿಗೆ ತಂದಾಕಿ ಅಲ್ಲ. ಯಾರರ ಆ ಹೆಸರ ಅಂದ್ರ ಎದ್ದ ಒಳಗ ಹೋಗತಿದ್ಲು. ಅಕಿ ಕೈಯಾಗ ಇದ್ದದ್ದು ಅದೊಂದ. ಅದನ್ನ ನೀ ಇವತ್ತ ಅವನಿಗೆ ಕೊಟ್ಟಿ."

ಹೇಳಿ ಅವನು ಮಣ್ಣು ಹಾಕಲು ಬಗ್ಗಿದ. ಶೀತಲ್‌ಗೆ ಎಲ್ಲ ತಿಳಿಯಿತು. ಹೊಸ್ತಿಲಾಚೆಗೆ ಮುದುಕ ನಿಂತದ್ದು, ಆಯಿ ಬೀದಿ ನೋಡಿದ್ದು, ಅವನು ಕಾದದ್ದು. ಒಂದು ಬೈಗುಳವಾದರೂ ಸಿಕ್ಕೀತೆಂದು ಅವನು ಮೂವತ್ತೊಂದು ವರ್ಷ ಕಾದಿದ್ದ. ಆಯಿ ಸಾಯುವ ತನಕ ಬಿಗಿಹಿಡಿದದ್ದನ್ನು ಇವಳು ಒಂದೇ ದಿನದಲ್ಲಿ, ಮೈಕು ಹಚ್ಚಿ, ಅವನ ಉಡಿಗೆ ಹಾಕಿದ್ದಳು. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕೆನ್ನಿಸಿತು.

ಹೊಡೆದುಕೊಳ್ಳಲಿಲ್ಲ. ಮಣ್ಣು ಹತ್ತಿದ ಹೆಬ್ಬೆರಳಿನಿಂದ ಮೊಬೈಲ್ ತೆರೆದು, ಬೇವಿನ ಮರದ ಪಕ್ಕದ ಧ್ವನಿಯನ್ನು ಅಳಿಸಿದಳು. ಇಲ್ಲಿ ಅಳಿಸಿದರೆ ಊರಿನ ಎಲ್ಲ ಮೊಬೈಲಿನಲ್ಲೂ ಅಳಿಸಿಹೋಗುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿದ್ದ ಅದರ ಮೂಲವನ್ನೂ ನಿಂತಲ್ಲಿಂದಲೇ ತೆಗೆದುಹಾಕಿದಳು. ಆಮೇಲೆ ಮೂರು ಹಿಡಿ ಮಣ್ಣು ಹಾಕಿದಳು.

ತಿರುಗಿ ಬರುವಾಗ ಎರಡೂ ಗೇಟು ತೆರೆದೇ ಇದ್ದವು. ಉಳವಪ್ಪ ಅಂಗಳದಲ್ಲಿ ಹಂಡೆ ತುಂಬ ನೀರಿಟ್ಟುಕೊಂಡು, ಮಣ್ಣಿಗೆ ಹೋದವರ ಕೈಕಾಲಿಗೆ ತಾನೇ ತಂಬಿಗೆಯಿಂದ ಸುರಿಯುತ್ತಿದ್ದ. ಹತ್ತು ವರ್ಷ ಚಿಕ್ಕವನಾದಂತೆ ಕಾಣುತ್ತಿದ್ದ. ಶೀತಲ್‌ಳನ್ನು ಕಂಡು ತಂಬಿಗೆ ಇಟ್ಟು, ಜೇಬಿನಿಂದ ಮೊಬೈಲ್ ತೆಗೆದ.

"ತಂಗೀ, ಇದರಾಗ ಹಚ್ಚಿಕೊಡ. ಮೊಮ್ಮಕ್ಕಳಿಗೆ ಕೇಳಸ್ತೇನಿ. ಶಟ್ಟೆವ್ವ ನನ್ನ ಹೆಸರ ಅಂದಿದ್ದು."

"ನೀವ ಒತ್ತರಿ."

ಅವನು ಬೇವಿನ ಮರದ ಪಕ್ಕ ಬೆರಳಿಟ್ಟ. ಏನೂ ಕೇಳಿಸಲಿಲ್ಲ. ಮೊಬೈಲನ್ನು ಕಿವಿಗೆ ಹಿಡಿದು ನೋಡಿದ, ಅಂಗಿಗೆ ಒರೆಸಿ ಮತ್ತೆ ಒತ್ತಿದ. ಬೆರಳು ಜಾರಿ ಪಕ್ಕದ ಮನೆಗೆ ತಾಗಿತು. ಅರ್ಧ ಸೇರು ಮೊಸರು ಕೊಂಡು ಎರಡು ಸೇರು ಮಾತಾಡುವವರ ಮನೆ ಇದು ಎಂದು ಆಯಿಯ ನಿಜವಾದ ಧ್ವನಿ ಗಟ್ಟಿಯಾಗಿ ಹೇಳಿತು. ಕಾಲು ತೊಳೆಯುತ್ತಿದ್ದವರಲ್ಲಿ ಒಬ್ಬಿಬ್ಬರು ನಕ್ಕರು.

"ಅದಲ್ಲವಾ. ನಮ್ಮ ಮನೀದು."

"ಯಾವ ಮನಿ?" ಎಂದಳು ಶೀತಲ್. ಅವನ ಮೈಯೊಳಗಿಂದ ಕಣ್ಣು ಹಾಯಿಸಿ ಮುಂದಿನ ಗೇಟನ್ನು ನೋಡುತ್ತಿದ್ದಳು.

ಅವನ ಹಂಡೆಯ ನೀರನ್ನು ಅವಳು ಮುಟ್ಟಲಿಲ್ಲ, ಹಾಗೇ ನಡೆದಳು. ಅಂಗಳದ ತೊಳೆದ ಬಿಳಿ ಫರಸಿಕಲ್ಲಿನ ಮೇಲೆ ರುದ್ರಭೂಮಿಯ ಕರಿಮಣ್ಣಿನ ಹೆಜ್ಜೆಗಳು ಹಿಂದಿನ ಗೇಟಿನಿಂದ ಮುಂದಿನ ಗೇಟಿನ ತನಕ ನೆಟ್ಟಗೆ ಬಿದ್ದವು. ಬೀದಿಗೆ ಬಂದ ಮೇಲೂ ಅವಳಿಗೆ ಬೆನ್ನ ಹಿಂದೆ ಕೇಳಿಸುತ್ತಿತ್ತು, ಪಕ್ಕದ ಮನೆಯ ಅರ್ಧ ಸೇರು ಮೊಸರು, ಮತ್ತೆ, ಮತ್ತೂ ಒಮ್ಮೆ.