ಆರಡಿ ಇದ್ದ

"ಅಪ್ಪ, ಅಲ್ಲಿ ನೀ ಬಾಯಿ ಬಿಡಬ್ಯಾಡ. ನಿನ್ನ ಸಿಟ್ಟು ಹರಿಹರದಾಗೇ ಇರ್ಲಿ," ಎಂದು ದಾವಣಗೆರೆ ಬಸ್ಸು ಹತ್ತುವಾಗಲೇ ನಯನಾ ಹೇಳಿದ್ದಳು. ನನ್ನನ್ನು ಏಕವಚನದಲ್ಲಿ ಗದರಿಸುವ ಧೈರ್ಯ ಇರುವುದು ಅವಳೊಬ್ಬಳಿಗೇ. ಹನ್ನೆರಡು ವರ್ಷ, ಆಗಲೇ ನನ್ನ ಕಿವಿ ಮುಟ್ಟುತ್ತಾಳೆ. ಕ್ರೀಡಾ ಹಾಸ್ಟೆಲ್ ಸೇರಿ ವಾಲಿಬಾಲ್ ಆಡಬೇಕೆಂಬುದು ಒಂದೇ ಜಪ.

ಹಾಸ್ಟೆಲ್ ಆಯ್ಕೆ ನಡೆದ ಮೈದಾನದಲ್ಲಿ ಅವಳು ಬಾಲ್ ಹೊಡೆದ ಸದ್ದಿಗೆ ಎಲ್ಲರೂ ತಿರುಗಿ ನೋಡಿದರು. ಆದರೂ ಕೋಚ್ ನನ್ನನ್ನು ಕರೆದು, ಗೋಡೆಗೆ ನಿಲ್ಲಿಸಿ ಟೇಪು ಹಿಡಿದ.

"ಐದಡಿ ಎರಡು. ತಾಯಿ?"

"ನನಗಿಂತ ಗಿಡ್ಡ."

"ಕೈ ಚಲೋ ಐತೆ ಯಜಮಾನ್ರೇ. ಆದ್ರೆ ನೆಟ್ ಮೇಲೆ ಬರಬೇಕಲ್ಲ. ಖೋ ಖೋಗೆ ಹಾಕ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಆಡೋಳು ಅವಳು. ನನ್ನ ಯಾಕ ಅಳೀತೀರಿ? ನಾನೇನು ಮದುವೆ ಗಂಡಾ?"

"ನಿಮ್ಮ ಮೈಕಟ್ಟೇ ಅಲ್ವೇನ್ರಿ ಅವಳಿಗೂ ಬರೋದು?"

"ನನ್ನದ್ಯಾಕ್ರೀ ಬರ್ತೈತೆ? ಇವಳಪ್ಪ ಆರಡಿ ಇದ್ದ!"

ಹಿಂದೆ ತಿರುಗಿದೆ. ನಯನಾ ಅಲ್ಲೇ ಬಾಲು ಹಿಡಿದು ನಿಂತಿದ್ದಳು.

ಇನ್ನು ಮುಚ್ಚಿಡುವುದೇನು? ಕೋಚ್‌ಗೆ ಪೂರ್ತಿ ಹೇಳಿದೆ. ಹರಿಹರದ ದಾರಿಯಲ್ಲಿ ಬಾತಿ ಹತ್ತಿರ ಲಾರಿ ಬಡಿದು ನನ್ನ ಅಣ್ಣ ನಾಗಭೂಷಣ್, ಅತ್ತಿಗೆ ಇಬ್ಬರೂ ಹೋದಾಗ ಇವಳು ಇನ್ನೂ ಅಂಬೆಗಾಲಿಡದ ಕೂಸು. ಅತ್ತಿಗೆಯೂ ಎತ್ತರದ ಹೆಂಗಸು. ಕೂಸನ್ನು ನಾನೂ ನನ್ನ ಹೆಂಡತಿ ಉಮಾಮಹೇಶ್ವರಿಯೂ ಮಡಿಲಿಗೆ ಹಾಕಿಕೊಂಡೆವು. ದೊಡ್ಡವಳಾಗಲಿ, ಆಮೇಲೆ ಹೇಳೋಣ ಅಂದುಕೊಂಡೆವು. ಹೇಳಲಿಲ್ಲ.

ಕೋಚ್ ಅವಳ ಉದ್ದನೆಯ ಬೆರಳುಗಳನ್ನು, ಪಾದಗಳನ್ನು ಮತ್ತೊಮ್ಮೆ ನೋಡಿದ. ಅವನ ದನಿ ಇಳಿದಿತ್ತು. "ಹಂಗಾದ್ರೆ ಬೆಳೀತಾಳೆ ಬಿಡ್ರಿ. ಹಾಸ್ಟೆಲ್‌ಗೆ ಕಳಿಸ್ರಿ."

ವಾಪಸ್ ಬರುವಾಗ ಬಸ್ಸಿನಲ್ಲಿ, "ಸಿಕ್ತಲ್ಲ ಮಗಾ," ಎಂದೆ. ತಲೆಯಾಡಿಸಿದಳು, ಅಷ್ಟೇ. ಬಾತಿ ಬಂದಾಗ ಮಾತ್ರ ಕಿಟಕಿಯ ಸರಳಿಗೆ ಹಣೆ ಒತ್ತಿ, ಊರು ದಾಟುವ ತನಕ ರಸ್ತೆಯನ್ನೇ ನೋಡಿದಳು. ಅವಳ ಹೆಗಲ ಮೇಲಿಡಲು ಹೋದ ನನ್ನ ಕೈ ಅರ್ಧದಲ್ಲೇ ವಾಪಸ್ಸಾಯಿತು.

ಹರಿಹರದಲ್ಲಿ ಬಸ್ಸು ನಿಂತಿತು. ಜನವೆಲ್ಲ ಇಳಿದರೂ ನನಗೆ ಏಳಲಾಗಲಿಲ್ಲ. ಬೇರೆ ದಿನವಾಗಿದ್ದರೆ ಅಂಗಿ ಹಿಡಿದು ಜಗ್ಗಿ, "ಏಳಪ್ಪಾ, ಇಲ್ಲೇ ಮಲಗ್ತೀಯಾ?" ಎನ್ನುತ್ತಿದ್ದಳು.

ನಯನಾ ಚೀಲ ಹೆಗಲಿಗೇರಿಸಿ, ಪಕ್ಕಕ್ಕೆ ಸರಿದು ನನಗೆ ದಾರಿ ಬಿಟ್ಟಳು.

"ಇಳೀರಿ," ಎಂದಳು.