ನಿಂಕೆಯ ಕೈಗವಸು

ಬೆಳಿಗ್ಗೆ ಎಂಟೂವರೆಗೆ ಬೌಕ್ಯೆ ಟೀಚರ್ ತರಗತಿಯ ಬಾಗಿಲಲ್ಲಿ ನಿಂತು, ಎಂದಿನಂತೆ, ಒಳಗೆ ಬರುವ ಪ್ರತಿ ಮಗುವಿನ ಕೈ ಕುಲುಕಿದರು. ಮರಿತ್ ಬಂದಾಗ ಕೈ ಹಿಂದಕ್ಕೆಳೆದುಕೊಂಡು ತಲೆಯಾಡಿಸಿ ನಕ್ಕರು. ಅದೂ ಎಂದಿನಂತೆಯೇ.

ಫ್ರೀಸ್‌ಲ್ಯಾಂಡಿನ ಆ ಹಳ್ಳಿಶಾಲೆಯಲ್ಲಿ ಮರಿತ್‌ಗೆ ಕೆಟ್ಟದ್ದು ಬಯಸಿದವರು ಯಾರೂ ಇರಲಿಲ್ಲ. ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಮುಗಿಸಿ ಸೆಪ್ಟೆಂಬರಿನಲ್ಲಿ ಮರಳಿ ಬಂದಾಗ ಒಂಬತ್ತು ವರ್ಷದ ಈ ಹುಡುಗಿಯ ರೋಗನಿರೋಧಕ ಶಕ್ತಿ ಇನ್ನೂ ಚೇತರಿಸಿಕೊಂಡಿರಲಿಲ್ಲ. ಮಕ್ಕಳು ದುಂಡಗೆ ಕುಳಿತು ಚರ್ಚಿಸಿ, ಕೈಯೆತ್ತಿ ಒಂದು ನಿಯಮ ಮಾಡಿಕೊಂಡರು: ಮರಿತ್‌ಳನ್ನು ಯಾರೂ ಮುಟ್ಟಬಾರದು. ಜನವರಿಯಲ್ಲಿ ಡಾಕ್ಟರು ರಕ್ತಪರೀಕ್ಷೆ ನೋಡಿ, ಇನ್ನು ಎಲ್ಲ ಮಕ್ಕಳಂತೆಯೇ ಇರಬಹುದು ಎಂದರು. ಅವಳ ಅಮ್ಮ ಅದನ್ನು ಟೀಚರಿಗೆ ತಿಳಿಸಿಯೂ ಆಯಿತು. ಆದರೆ ಮಕ್ಕಳು ಕೂಡಿ ಮಾಡಿದ ನಿಯಮವನ್ನು ಮಕ್ಕಳೇ ಕೂಡಿ ತೆಗೆಯಬೇಕು; ಟೀಚರ್ ಒಬ್ಬರೇ ಅಳಿಸುವಂತಿಲ್ಲ. ಆ ಸಭೆ ಒಮ್ಮೆ ಹಿಮದಿಂದ, ಇನ್ನೊಮ್ಮೆ ರಜೆಯಿಂದ ಮುಂದಕ್ಕೆ ಹೋಯಿತು. ಆಗಲೇ ಮಾರ್ಚ್ ಬಂದಿತ್ತು.

"ಇವತ್ತು ಕೈ ಕುಲುಕೋವಾಗ ನಿಮ್ಮಲ್ಲಿ ಒಬ್ಬರ ಕೈಗೆ ಒಂದು ಪುಡಿ ಹಚ್ಚಿದೀನಿ," ಎಂದರು ಟೀಚರ್. "ಕಣ್ಣಿಗೆ ಕಾಣಲ್ಲ. ಈ ನೇರಳೆ ದೀಪದ ಕೆಳಗೆ ಮಾತ್ರ ಹೊಳೆಯುತ್ತೆ. ರೋಗಾಣು ಅಂತ ತಿಳ್ಕೊಳ್ಳಿ. ಹತ್ತು ಗಂಟೆ ಬಿಡುವು ಮುಗಿದ ಮೇಲೆ ಅದು ಎಲ್ಲೆಲ್ಲಿಗೆ ಹೋಗಿದೆ ನೋಡೋಣ."

"ಯಾರ ಕೈಗೆ ಮಿಸ್?" ಯೆಲ್ಮರ್ ಕೇಳಿದ.

"ಹೇಳಿದ್ರೆ ನೀನು ಅವರ ಹತ್ರ ಹೋಗ್ತೀಯಾ?"

"ನಿಂಕೆ ಆಗಿದ್ರೆ ಹೋಗಲ್ಲ."

"ನಾನು ಬಿಟ್ರೆ ತಾನೇ ನೀನು ಬರೋದು," ಎಂದಳು ನಿಂಕೆ.

ದೀಪ ಹಿಡಿಯುವ ಕೆಲಸ ಮರಿತ್‌ಗೆ ಸಿಕ್ಕಿತು. ಅದು ದೊಡ್ಡ ಕೆಲಸವೆಂದು ಎಲ್ಲರೂ ಒಪ್ಪಿದರು. ಮರಿತ್ ಮಾತ್ರ ಬೇರೊಂದು ಲೆಕ್ಕ ಹಾಕುತ್ತಿದ್ದಳು. ಕೊನೆಗೆ ಯಾರಾದರೂ ದೀಪವನ್ನು ಅವಳ ಕಡೆಗೂ ತಿರುಗಿಸುತ್ತಾರೆ. ಆಗ ಇಡೀ ಕೋಣೆಯಲ್ಲಿ ಅವಳ ಕೈ ಮಾತ್ರ ಕಪ್ಪಗಿರುತ್ತದೆ. ಅದನ್ನು ಎಲ್ಲರೂ ನೋಡುತ್ತಾರೆ.

ಬಿಡುವಿನಲ್ಲಿ ಎಲ್ಲರೂ ಹಣ್ಣು ತಿಂದು ಹೊರಗೋಡಿದರು. ಕೈಗವಸು ಹಾಕಿಕೊಂಡು ಹೊರಟ ನಿಂಕೆ ಬಿಸಿಲು ಕಂಡು ಬಿಚ್ಚಿ, ಕಾರಿಡಾರಿನಲ್ಲಿದ್ದ ತನ್ನ ಕೋಟಿನ ಜೇಬಿಗೆ ತುರುಕಿ ಓಡಿದಳು. ಮರಿತ್ ಕೋಟುಗಳ ಸಾಲಿನ ಮುಂದೆ ನಿಂತಳು. ನಿಂಕೆಯ ಕೋಟಿನ ಜೇಬಿನಿಂದ ಕೆಂಪು ಉಣ್ಣೆಯ ಕೈಗವಸು ತೆಗೆದು ಎರಡೂ ಕೈಗೆ ಹಾಕಿಕೊಂಡಳು. ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಒಳಗೆ ಇನ್ನೊಬ್ಬರ ಬೆರಳುಗಳ ಆಕಾರ ಉಳಿದಿತ್ತು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹಾಗೆಯೇ ನಿಂತಳು.

ಬಿಡುವು ಮುಗಿದ ಮೇಲೆ ಪರದೆ ಎಳೆದರು. ದೀಪದ ಕೆಳಗೆ ಕೈಗಳು ಒಂದೊಂದಾಗಿ ಹಸಿರಾಗಿ ಹೊಳೆದವು. ಯೆಲ್ಮರನ ಮೂಗಿನ ಹೊಳ್ಳೆಯ ಅಂಚೂ ಹೊಳೆಯಿತು.

"ಅಯ್ಯೋ, ಬೆರಳು ಎಲ್ಲಿಗೆ ಹೋಗಿತ್ತು ಅಂತ ಗೊತ್ತಾಯ್ತು ಬಿಡೋ," ನಿಂಕೆ ನಕ್ಕಳು.

"ತುರಿಸಿದ್ದು ಕಣೇ."

"ಒಳಗಡೆ ತುರಿಸ್ತಿತ್ತಾ?"

ನಗು ಅಡಗಿದ ಮೇಲೆ ಯೆಲ್ಮರ್ ದೀಪ ತೆಗೆದುಕೊಂಡ. "ಮರಿತ್, ನಿಂದೂ ತೋರ್ಸು."

ಅವಳು ಅಂಗೈ ಚಾಚಿದಳು. ಹತ್ತೂ ಬೆರಳುಗಳಲ್ಲಿ ಪುಡಿ ಹೊಳೆಯಿತು.



"ನಾನು ಮುಟ್ಟಿಲ್ಲ ಮಿಸ್," ಯಾರೋ ಎಂದರು.

"ನಾನೂ ಇಲ್ಲ. ಹತ್ರಾನೂ ಹೋಗಿಲ್ಲ."

"ಆಣೆಗೂ ಇಲ್ಲ ಮಿಸ್. ನಾನು ಯಾವತ್ತೂ ಮುಟ್ಟಿಲ್ಲ." ನಿಂಕೆ ಎದ್ದು ನಿಂತಳು.

ಕತ್ತಲಲ್ಲಿ ಒಬ್ಬೊಬ್ಬರಾಗಿ ಎಲ್ಲರೂ ಹೇಳಿದರು. ಮರಿತ್ ಕೈ ಚಾಚಿಕೊಂಡೇ ಅಷ್ಟನ್ನೂ ಕೇಳಿದಳು.

"ಯಾರೂ ಮುಟ್ಟಿಲ್ಲ," ಎಂದಳು ಕೊನೆಗೆ. "ನಾನೇ ನಿಂಕೆ ಕೈಗವಸು ಹಾಕ್ಕೊಂಡಿದ್ದೆ."

"ಯಾಕೆ?" ನಿಂಕೆ ಕೇಳಿದಳು.

"ಸುಮ್ನೆ."

"ಬೇಗ ತೊಳ್ಕೊಳ್ಳೇ. ನಿಂಗೇನಾದ್ರೂ ಆದ್ರೆ?"

"ಏನೂ ಆಗಲ್ಲ. ನನ್ನ ಬಿಳಿ ರಕ್ತಕಣ ಈಗ ನಿಮ್ಮಷ್ಟೇ ಇದೆ. ಡಾಕ್ಟ್ರು ಜನವರೀಲೇ ಹೇಳಿದ್ರು."

"ಮತ್ತೆ ಯಾಕೆ ಹೇಳ್ಲಿಲ್ಲ ನೀನು?"

ಮರಿತ್ ಟೀಚರ್ ಕಡೆ ನೋಡಲಿಲ್ಲ. "ಯಾರೂ ಕೇಳ್ಲಿಲ್ಲ."

ಬೌಕ್ಯೆ ಟೀಚರ್ ಪರದೆ ಸರಿಸಿದರು. "ನಂಗೆ ಗೊತ್ತಿತ್ತು," ಎಂದರು. "ಕುರ್ಚಿ ದುಂಡಗೆ ಹಾಕಿ. ಈಗ್ಲೇ."

ಕುಳಿತರು. ರೋಗಾಣು ಒಳಗೆ ಬಂದಾಗ ಬಿಳಿ ಕಣಗಳು ಅದನ್ನು ಹೇಗೆ ಗುರುತಿಸುತ್ತವೆ, ಒಮ್ಮೆ ಎದುರಿಸಿದ್ದನ್ನು ಹೇಗೆ ನೆನಪಿಟ್ಟುಕೊಳ್ಳುತ್ತವೆ ಎಂದು ಟೀಚರ್ ವಿವರಿಸಿದರು. ನಿಯಮ ತೆಗೆಯಲು ಎಲ್ಲ ಕೈಗಳೂ ಎದ್ದವು. ಆಮೇಲೆ ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಮರಿತ್‌ಳ ಎರಡೂ ಪಕ್ಕದ ಕುರ್ಚಿಗಳು ಅಭ್ಯಾಸಬಲದಿಂದ ಒಂದು ಮಾರು ದೂರದಲ್ಲೇ ಇದ್ದವು. ಗಂಟೆ ಹೊಡೆಯಿತು.

ಮಧ್ಯಾಹ್ನ ಅಂಗಳದಲ್ಲಿ ಮುಟ್ಟಾಟ ನಡೆಯಿತು. ಮರಿತ್ ಎಂದಿನ ಗೋಡೆಯ ಬಳಿ ನಿಂತಿದ್ದಳು. ಯಾರನ್ನೋ ಅಟ್ಟಿಸಿಕೊಂಡು ಬಂದ ಯೆಲ್ಮರ್ ಅವಳೆದುರು ಗಕ್ಕನೆ ನಿಂತ. ಅವನ ಕೈ ಗಾಳಿಯಲ್ಲೇ ಉಳಿಯಿತು.

"ನೀನೂ ಆಡ್ತಿದೀಯಾ?"

"ಹೂಂ."

ಅವನು ಅವಳ ಭುಜಕ್ಕೆ ಬಡಿದ. "ಹಾಗಾದ್ರೆ ಈಗ ನೀನೇ ಹಿಡಿಯೋದು," ಎಂದು ಓಡಿದ.

ಬೇರೆಯವರೂ ಚದುರಿ ಓಡಿದರು. ಅಂಗಳದ ನಡುವೆ ಮರಿತ್ ಒಬ್ಬಳೇ ಉಳಿದಳು. ಬಡಿದ ಜಾಗ ಬಿಸಿಯಾಗಿತ್ತು. ಅಟ್ಟಿಸಿಕೊಂಡು ಹೋಗಬೇಕೆಂಬುದು ಅವಳಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಓಡಿದಳು.

ಮುಂದಿನ ಗುರುವಾರ ಮರಿತ್‌ಗೆ ನೆಗಡಿಯಾಯಿತು, ಸ್ವಲ್ಪ ಜ್ವರವೂ ಬಂತು. ಸೋಮವಾರದ ಹೊತ್ತಿಗೆ ವಾಸಿಯಾಯಿತು.