ಮೇಷ್ಟ್ರ ಶರ್ಟಿಗೆ ನಮ್ಮನೆ ಅಳತೆ

ಇಪ್ಪತ್ತೆರಡು ವರ್ಷ ಅಡುಗೆಮನೆಯ ಹೊಸ್ತಿಲು ತುಳಿಯದಿದ್ದ ಟೈಲರಪ್ಪ ಎರಡು ತಿಂಗಳಿಂದ ಅಲ್ಲೇ ಠಿಕಾಣಿ ಹೂಡಿದ್ದ. ಹೆಂಡತಿಯ ಮೇಲೆ ಪ್ರೀತಿ ಉಕ್ಕಿ ಬಂದದ್ದಕ್ಕಲ್ಲ. ವರಾಂಡದ ಹೊಲಿಗೆ ಅಂಗಡಿಯೂ ಸೇರಿ ಇಡೀ ಮನೆಯಲ್ಲಿ ಅವನ ಮೊಬೈಲಿಗೆ ನೆಟ್ ಸಿಗುತ್ತಿದ್ದದ್ದು ಒಲೆ ಪಕ್ಕದ ಕಿಟಕಿಯ ಬಳಿ ಮಾತ್ರ. ಗಿರಾಕಿಗಳು ಕಾಲರ್, ತೋಳಿನ ಡಿಸೈನುಗಳ ಫೋಟೋ ಕಳಿಸುತ್ತಿದ್ದರು. ಒಂದು ಫೋಟೋ ಇಳಿಯುವಷ್ಟರಲ್ಲಿ ಒಲೆಯ ಮೇಲೆ ಚಹಾದ ನೀರು ಕುದ್ದು ಬತ್ತುತ್ತಿತ್ತು.

"ಸುಮ್ನೆ ಕಂಬದ ಹಾಗೆ ನಿಂತಿದ್ದೀರಲ್ಲ, ಈ ಬೀನ್ಸ್ ನಾರಾದ್ರೂ ತೆಗೀರಿ" ಎಂದಳು ಟೈಲರಮ್ಮ ಮೊದಲ ವಾರ. ಎರಡನೇ ವಾರ ಅವನೇ ಬುಟ್ಟಿ ಎಳೆದುಕೊಂಡ. ಕೈ ಆಡುತ್ತಿದ್ದಂತೆ ಬಾಯಿಯೂ ಆಡತೊಡಗಿತು. ಸೊಂಟಕ್ಕೆ ಟೇಪು ಸುತ್ತಿದಾಗ ಯಾರು ಉಸಿರು ಬಿಗಿಹಿಡಿಯುತ್ತಾರೆ, ಯಾರ ಪ್ಯಾಂಟಿನ ಗುಂಡಿ ಯಾವ ಮದುವೆಯಲ್ಲಿ ಹಾರಿತು, ಎಲ್ಲ ವರದಿಯಾಗುತ್ತಿತ್ತು. ಟೈಲರಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಈ ಮೌನಿಬಾಬಾನನ್ನೇ ತಾನು ಕಟ್ಟಿಕೊಂಡದ್ದಾ ಎಂದು ಅವಳಿಗೇ ಅನುಮಾನ.

ಅಷ್ಟರಲ್ಲಿ ವಕ್ಕರಿಸಿದ ಅವಳ ತಮ್ಮ.

"ಭಾವ, ಇನ್ನೂ ಈ ಡಕೋಟಾ ಕಂಪನಿಯಲ್ಲೇ ಇದ್ದೀರಾ? ನಾಳೆವರೆಗೆ ನನ್ನ ಸಿಮ್ ಹಾಕಿ ನೋಡಿ. ರೂಮಲ್ಲಿ ಹಾಯಾಗಿ ಮಲಗಿಕೊಂಡೇ ಎಲ್ಲಾ ನೋಡ್ಬಹುದು."

ಒಡಹುಟ್ಟಿದವನ ಮೇಲೆ ಟೈಲರಮ್ಮನಿಗೆ ಮೈಯೆಲ್ಲ ಉರಿಯಿತು. ಗಂಡ ರೂಮು ಸೇರಿದನೆಂದರೆ ಮುಗಿಯಿತು, ಮತ್ತೆ ಊಟಕ್ಕೆ ಕೂಗಿದಾಗ ಮಾತ್ರ ಮುಖದರ್ಶನ. ಬೀನ್ಸಿಗೂ ಅವಳಿಗೂ ಮತ್ತೆ ಅದೇ ಮೌನವ್ರತ.

ಟೈಲರಪ್ಪ ಹೊಸ ಸಿಮ್ ಹಾಕಿ ಮನೆಯನ್ನೇ ಗಿರಾಕಿಯಂತೆ ಅಳೆದ. ವೇಗ ತೋರಿಸುವ ಆ್ಯಪ್ ಹಿಡಿದು ವರಾಂಡ, ಹಾಲ್, ರೂಮು, ಅಡುಗೆಮನೆ ಎಂದು ಸುತ್ತಿ ಅಳತೆ ಪುಸ್ತಕದಲ್ಲಿ ಸಾಲಾಗಿ ಬರೆದ: ಮೂವತ್ತಾರು, ನಲವತ್ತನಾಲ್ಕು, ನಲವತ್ತೆಂಟು, ಹತ್ತೊಂಬತ್ತು. ಮೇಲೆ 'ಹೊಸ ಸಿಮ್' ಎಂದು ತಲೆಬರಹ. "ಎಲ್ಲಾ ಕಡೆ ಓಡ್ತಿದೆ ಕಣೇ! ಮುಂದಿನ ವಾರ ಪುಸ್ತಕ ನೋಡಿ ತೀರ್ಮಾನ ಮಾಡ್ತೀನಿ" ಎಂದು ಮಲಗಿದ. ಅವನಿಗೆ ಪುಸ್ತಕವೇ ವೇದ. ಹೊಸ ಪುಟವಿದ್ದರೆ ಹಳೆಯದು ರದ್ದು.

ಮರುದಿನ ತಮ್ಮ ಬಂದು ಸಿಮ್ ಒಯ್ದ. ಅವನು ಹೋದದ್ದೇ ತಡ, ಟೈಲರಮ್ಮ 'ಹೊಸ ಸಿಮ್' ಅನ್ನು ಗೀಚಿ ಹೊಡೆದು, ಮೇಜಿನ ಮೇಲೆ ಹೊಲಿಯಲು ಬಂದಿದ್ದ ಬಟ್ಟೆಯ ಚೀಟಿ ನೋಡಿ 'ಮೇಷ್ಟ್ರು, ಶರ್ಟ್' ಎಂದು ಬರೆದಳು. ಪುಟ ಸಿಗದಿದ್ದರೆ ಈ ಸೋಮಾರಿ ಇನ್ನೊಮ್ಮೆ ಅಳೆಯುವುದಿಲ್ಲ ಎಂಬುದಷ್ಟೇ ಅವಳ ಲೆಕ್ಕ. ಶರ್ಟಿನ ಗತಿ ಏನು ಎಂಬುದು ತಲೆಗೇ ಹೊಳೆಯಲಿಲ್ಲ.

ನಿವೃತ್ತ ಮೇಷ್ಟ್ರು ಕಡ್ಡಿಪೈಲ್ವಾನ್. ಪುಸ್ತಕ ತೆರೆದು ಆ ನಾಲ್ಕು ಅಂಕೆಗಳನ್ನು ಉದ್ದ, ಎದೆ, ಹೊಟ್ಟೆ, ಕತ್ತು ಎಂದು ಓದಿಕೊಂಡ ಟೈಲರಪ್ಪ, ರಿಟೈರಾದ ಮೇಲೆ ಚೆನ್ನಾಗಿ ಉಂಡಿದ್ದಾರೆ ಎಂದು ಖುಷಿಪಟ್ಟ. ಅವರು ಕೊಟ್ಟಿದ್ದ ಬಟ್ಟೆ ಸಾಲದಾಯಿತು. ತಮ್ಮ ಹೊಟ್ಟೆಯ ಅಂದಾಜು ಮೇಷ್ಟ್ರಿಗೇ ಇಲ್ಲ ಪಾಪ ಎಂದು ಕನಿಕರಿಸಿ, ಅದೇ ಬಣ್ಣದ್ದು ಒಂದು ಮೀಟರ್ ತನ್ನ ಖರ್ಚಿನಲ್ಲೇ ಸೇರಿಸಿ ಹೊಲಿದ.

ಶರ್ಟ್ ಹಾಕಿಕೊಂಡ ಮೇಷ್ಟ್ರು ಕನ್ನಡಿಯಲ್ಲಿ ತಮ್ಮನ್ನು ತಾವೇ ಹುಡುಕಿದರು. ಅಂಚು ಮೊಣಕಾಲಿಗೆ, ಕಾಲರಿನಲ್ಲಿ ಇನ್ನೊಂದು ಕತ್ತಿಗೆ ಜಾಗ.

"ಇದ್ರೊಳಗೆ ಇನ್ನೂ ಯಾರಾದ್ರೂ ಬರೋರಿದ್ದಾರೇನಪ್ಪಾ?"

ಟೈಲರಪ್ಪನ ಮುಖ ಬಿಳುಚಿತು. ಇಷ್ಟು ವರ್ಷದಲ್ಲಿ ಒಂದು ಗುಂಡಿ ಆಚೀಚೆಯಾಗಿದ್ದಿಲ್ಲ. ಬಾಗಿಲಲ್ಲಿ ನಿಂತಿದ್ದ ಟೈಲರಮ್ಮನಿಗೆ ಅವನ ಮುಖ ನೋಡಲಾಗಲಿಲ್ಲ.

"ಅವರದ್ದೇನೂ ತಪ್ಪಿಲ್ಲ ಮೇಷ್ಟ್ರೇ. ನೀವು ಹಾಕ್ಕೊಂಡಿರೋದು ನಮ್ಮನೆ ಹಾಲು, ರೂಮು, ಅಡುಗೆಮನೆ" ಎಂದು ಎಲ್ಲವನ್ನೂ ಒದರಿಬಿಟ್ಟಳು. "ನೆಟ್ ಎಲ್ಲಾ ಕಡೆ ಬಂದ್ರೆ ಇವರು ರೂಮಿಗೆ ಹೋಗ್ಬಿಡ್ತಾರೆ. ಆಮೇಲೆ ನಾನು ಯಾರ ಹತ್ರ ಮಾತಾಡ್ಲಿ?"

ಮೇಷ್ಟ್ರು ನಗು ತಡೆಯಲಾರದೆ ಶರ್ಟಿನೊಳಗೇ ಅಲುಗಾಡಿದರು. ಟೈಲರಪ್ಪ ಮಾತ್ರ ನಗಲಿಲ್ಲ. ಟೇಪು ಎತ್ತಿಕೊಂಡು ಮೇಷ್ಟ್ರನ್ನು ಹೊಸದಾಗಿ ಅಳೆದ. ಬೈದಿದ್ದರೇ ವಾಸಿಯಿತ್ತು ಎನ್ನಿಸಿತು ಅವಳಿಗೆ.

ಎರಡು ದಿನ ಅವನು ಅಡುಗೆಮನೆಯತ್ತ ಸುಳಿಯಲಿಲ್ಲ. ಮೂರನೇ ದಿನ ಬೆಳಿಗ್ಗೆ ತಮ್ಮ ಬಂದು, "ಭಾವ, ಸಿಮ್ ಬದಲಾಯಿಸೋದು ಏನಾಯ್ತು?" ಎಂದ.

"ಬೇಡಪ್ಪ. ಹಾಕಿ ನೋಡಿದ್ವಿ, ಮೇಷ್ಟ್ರಿಗೂ ದೊಡ್ಡದಾಯ್ತು."

ತಲೆಬುಡ ತಿಳಿಯದೆ ತಮ್ಮ ಹೊರಟುಹೋದ. ಟೈಲರಪ್ಪ ಒಳಗೆ ಬಂದ. ಮೇಷ್ಟ್ರ ಶರ್ಟಿನಿಂದ ಬಿಚ್ಚಿ ತೆಗೆದ ಒಂದು ಮೀಟರ್ ಬಟ್ಟೆ ಏಪ್ರನ್ ಆಗಿ ಅವನ ಎದೆಯ ಮೇಲಿತ್ತು, ಮೊಬೈಲಿಗೆಂದೇ ಒಂದು ಜೇಬಿನ ಸಮೇತ. ಕಿಟಕಿಯ ಬಳಿ ನಿಂತು ಬೀನ್ಸ್ ಬುಟ್ಟಿ ಎಳೆದುಕೊಂಡು, "ಆ ಮೇಷ್ಟ್ರು ಕನ್ನಡಿ ಮುಂದೆ ನಿಂತಾಗ ನೋಡ್ಬೇಕಿತ್ತು ಕಣೇ ನೀನು" ಎಂದು ಶುರುಮಾಡಿದ. ಅವಳು ಅಲ್ಲೇ ನಿಂತು ನೋಡಿದ್ದಳು. ಆದರೂ ಮೊದಲ ಸಲ ಕೇಳುವವಳಂತೆ, "ಹೌದಾ? ಏನಾಯ್ತು?" ಎಂದಳು.

ಅಂಗಡಿಯ ಕಡೆಯಿಂದ ಫೋನು ಒಂದೇ ಸಮನೆ ಬಡಿದುಕೊಳ್ಳತೊಡಗಿತು. ಟೈಲರಮ್ಮ ಏಪ್ರನ್ನಿನ ಜೇಬು ನೋಡಿದಳು. ಖಾಲಿಯಿತ್ತು. ಅವನು ಮೊಬೈಲನ್ನು ಹೊಲಿಗೆಯಂತ್ರದ ಮೇಲೆಯೇ ಬಿಟ್ಟು ಬಂದಿದ್ದ.